ರಾತ್ರಿ ಹನ್ನೊಂದೂವರೆಗೆ ಬಾಗಿಲು ಬಡಿದರೆ ತೆಗೆಯಬೇಕಾ?

ಅಡಿಕೆ ತೋಟ · ನವೆಂಬರ್ 9, ಭಾನುವಾರ

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ಕಡೆಯವಳು. ಬೆಂಗಳೂರಿಗೆ ಬಂದು ಐದು ವಾರ ಆಯ್ತು. ಹನುಮಂತನಗರದಲ್ಲಿ ಐವತ್ತಡಿ ರಸ್ತೆಯಿಂದ ಒಳಗೆ ಒಂದು ಕಟ್ಟಡದ ಮೊದಲನೇ ಮಹಡಿಯಲ್ಲಿದ್ದೇನೆ. ಒಬ್ಬಳೇ. ಓನರ್ ಜಯನಗರದಲ್ಲಿರುತ್ತಾರೆ.

ಮೊನ್ನೆ ಶುಕ್ರವಾರ ರಾತ್ರಿ ಹನ್ನೊಂದೂವರೆಗೆ ಯಾರೋ ಬಾಗಿಲು ಬಡಿದರು. ಮೂರು ಸಲ. ಸ್ವಲ್ಪ ಬಿಟ್ಟು ಮತ್ತೆ ಮೂರು ಸಲ. ನಾನು ‘ಯಾರು’ ಅಂತಲೂ ಕೇಳಲಿಲ್ಲ. ಲೈಟ್ ಆರಿಸಿ ಮಂಚದ ಮೇಲೆ ಕಾಲು ಮಡಚಿ ಕೂತೆ. ಫ್ಯಾನ್ ಕೂಡ ನಿಲ್ಲಿಸಿದೆ, ಯಾಕೆ ಅಂತ ನನಗೇ ಗೊತ್ತಿಲ್ಲ. ಹೊರಗೆ ಯಾರೋ ಕೆಮ್ಮಿದರು. ಚಪ್ಪಲಿ ಸದ್ದು ಮೆಟ್ಟಿಲು ಹತ್ತಿ ಹೋಯಿತು. ಎರಡು ಗಂಟೆಗೆ ರಸ್ತೆಯಲ್ಲಿ ಸೀಟಿ, ಕೋಲು ಕುಟ್ಟುವ ಸದ್ದು. ಬೆಳಗಿನವರೆಗೂ ನಿದ್ದೆ ಹತ್ತಲಿಲ್ಲ.

ಬೆಳಿಗ್ಗೆ ಎರಡನೇ ಮಹಡಿಯ ಅಂಕಲ್ ನನ್ನ ಸ್ಕೂಟಿ ಕೀ ತಂದುಕೊಟ್ಟರು. ಸ್ಕೂಟಿಯಲ್ಲೇ ಬಿಟ್ಟು ಬಂದಿದ್ದೆನಂತೆ. ಮಗಳನ್ನು ಬಸ್ಸಿಗೆ ಹತ್ತಿಸಿ ಬರುವಾಗ ನೋಡಿದ್ದಾರೆ. ‘ಲೈಟ್ ಉರೀತಾ ಇತ್ತಮ್ಮ, ಬಡಿದ ಮೇಲೆ ಆರಿತು. ಪಾಪ, ಹೆದರಿಸಿಬಿಟ್ಟೆ ಅಂತ ನನಗೂ ನಿದ್ದೆ ಬರಲಿಲ್ಲ’ ಅಂದರು. ನನಗೆ ಭೂಮಿ ಬಾಯಿ ಬಿಡಬಾರದಾ ಅನಿಸಿತು.

ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ‘ಆಸರಿಗೆ ಬೇಕಾ’, ಅಂದರೆ ಕುಡಿಯಲು ಏನಾದರೂ ಬೇಕಾ ಅಂತ ಕೇಳುವುದು. ಹೆಸರು, ಊರು ಎಲ್ಲ ಆಮೇಲೆ. ಇಲ್ಲಿ ನಾನು ದೀಪ ಆರಿಸಿದೆ. ಮಾಡಿದ್ದು ತಪ್ಪಾ? ಇನ್ನೊಂದು ಸಲ ಹೀಗಾದರೆ ಏನು ಮಾಡಬೇಕು?

ಗವಿಪುರದಮ್ಮ · ನವೆಂಬರ್ 9

ಬಾಗಿಲು ತೆಗೆಯದೆ ಇದ್ದದ್ದು ಸರಿ. ಬಾಯಿ ತೆಗೆಯದೆ ಇದ್ದದ್ದು ತಪ್ಪು. ಅಷ್ಟೇ.

ಒಳಗಿಂದಲೇ ಗಟ್ಟಿಯಾಗಿ ‘ಯಾರು?’ ಅನ್ನಬೇಕು ಮಗಳೇ. ಒಳ್ಳೆಯವರಾದರೆ ಹೆಸರು ಹೇಳುತ್ತಾರೆ. ಕೆಟ್ಟವರಾದರೆ ಒಳಗೆ ಎಚ್ಚರ ಇದ್ದಾರೆ ಅಂತ ಗೊತ್ತಾಗುತ್ತೆ. ಲೈಟ್ ಆರಿಸಬೇಡ, ಇನ್ನೊಂದು ಲೈಟ್ ಹಾಕು. ಒಬ್ಬಳೇ ಇದ್ದರೂ ‘ರೀ, ಯಾರೋ ಬಂದಿದ್ದಾರೆ ನೋಡಿ’ ಅಂತ ಕೂಗು. ನಮ್ಮನೆಯವರು ಹೋಗಿ ಒಂಬತ್ತು ವರ್ಷ ಆಯ್ತು, ನಾನು ಈಗಲೂ ಕೂಗುತ್ತೇನೆ.

ಸೀಟಿ ಊದಿದ್ದು ಗೂರ್ಖಾ. ನಮ್ಮ ಹಳೇ ಏರಿಯಾಗಳಲ್ಲಿ ಇನ್ನೂ ಇದ್ದಾರೆ. ರಾತ್ರಿ ರೌಂಡ್ ಹೊಡೆದು, ತಿಂಗಳ ಮೊದಲ ವಾರ ಮನೆಮನೆಗೆ ಬಂದು ಐವತ್ತೋ ನೂರೋ ಇಸ್ಕೊಂಡು ಹೋಗುತ್ತಾರೆ. ಆ ದಿನ ಅವರ ಮುಖ ನೋಡಿಕೋ, ನಿನ್ನ ಮುಖವನ್ನೂ ತೋರಿಸು. ಆಮೇಲೆ ಸೀಟಿ ಕೇಳಿದರೆ ಜೋಗುಳ ಕೇಳಿದ ಹಾಗೆ ನಿದ್ದೆ ಬರುತ್ತೆ.

ನೈಟ್ ಶಿಫ್ಟ್ · ನವೆಂಬರ್ 9

ಅಮ್ಮ ಹೇಳಿದ್ದು ಸರಿ. ಆದರೂ ಬಾಗಿಲಿಗೆ ಆಚೆ ನೋಡುವ ಲೆನ್ಸ್ ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತೆ, ಬಡಗಿ ಹತ್ತು ನಿಮಿಷದಲ್ಲಿ ಕೂರಿಸುತ್ತಾನೆ. ಮೇಲೊಂದು ಕೆಳಗೊಂದು ಟವರ್ ಬೋಲ್ಟ್, ಜೊತೆಗೆ ಚೈನ್. ಹಳೇ ಬಾಡಿಗೆದಾರರ ಹತ್ತಿರ ಇನ್ನೊಂದು ಕೀ ಇರಬಹುದು, ಲಾಕ್ ಬದಲಿಸಿಬಿಡಿ. ಓನರ್‌ಗೆ ಒಂದು ಮಾತು ಹೇಳಿ, ಹಳೇ ಲಾಕ್ ಎತ್ತಿಡಿ. ಖಾಲಿ ಮಾಡುವಾಗ ವಾಪಸ್ ಹಾಕಿದರೆ ಅಡ್ವಾನ್ಸ್‌ನಲ್ಲಿ ಹಿಡಿಯಲ್ಲ.

ವೈಫೈ ಕ್ಯಾಮೆರಾ ಹಾಕಿದರೆ ಇನ್ನೂ ಒಳ್ಳೆಯದು. ನಾನು ಹಾಕಿದ್ದೇನೆ. ರಾತ್ರಿ ಪಾಳಿ, ಹೆಂಡತಿ ಮನೆಯಲ್ಲಿ ಒಬ್ಬಳೇ ಇರುತ್ತಾಳೆ.

ಜೋಳದ ರೊಟ್ಟಿ · ನವೆಂಬರ್ 9

ನಾನು ಗದಗದವನು. ಬಂದ ಹೊಸದರಲ್ಲಿ ನನಗೆ ಕಳ್ಳರ ಭಯ ಇರಲಿಲ್ಲ, ಕದಿಯಲು ಏನೂ ಇರಲಿಲ್ಲ. ಭಯ ಇದ್ದದ್ದು ಬಾಯಿ ಬಿಡುವುದಕ್ಕೆ. ಅಂಗಡಿಯಲ್ಲಿ ‘ಏನ್ ಬೇಕ್ರಿ’ ಅಂತ ನನ್ನ ಮಾತನ್ನೇ ಅಣಕಿಸೋರು. ಆರು ತಿಂಗಳು ಬೆರಳು ತೋರಿಸಿಯೇ ಸಾಮಾನು ತಂದೆ.

ನನ್ನನ್ನು ರಸ್ತೆಯವನನ್ನಾಗಿ ಮಾಡಿದ್ದು ಕಸದ ಆಟೋ. ನಗಬೇಡಿ. ಬೆಳಿಗ್ಗೆ ಅದು ಹಾಡು ಹಾಕಿಕೊಂಡು ಬಂದಾಗ ಹಸಿ ಕಸ ಒಣ ಕಸ ಹಿಡಿದು ಎಲ್ಲರೂ ಆಚೆ ಬರಲೇಬೇಕು. ನೈಟಿ, ಬರ್ಮುಡಾ, ಕೆದರಿದ ತಲೆ, ಬಾಯಲ್ಲಿ ಬ್ರಷ್. ಆ ಅವತಾರದಲ್ಲಿ ಯಾರೂ ದೊಡ್ಡಸ್ತಿಕೆ ತೋರಿಸುವ ಹಾಗಿಲ್ಲ. ನಾನು ಸ್ಯಾನಿಟರಿ ಪ್ಯಾಡ್ ಪೇಪರಲ್ಲಿ ಸುತ್ತದೆ ಒಣ ಕಸಕ್ಕೆ ಹಾಕಿದ್ದಕ್ಕೆ ಪೌರಕಾರ್ಮಿಕ ಅಕ್ಕ ನಡುರಸ್ತೆಯಲ್ಲಿ ಬೈದರು. ಹೆಂಡತಿಯದು ಅಂತ ಹೇಳಲೂ ಆಗದೆ ನಿಂತಿದ್ದೆ. ಅವತ್ತಿಂದ ಎದುರು ಮನೆಯವರು ನಗಲು ಶುರು ಮಾಡಿದರು. ಈಗ ಅವರ ಮನೆ ಕೀ ನಮ್ಮ ಮನೆಯಲ್ಲಿರುತ್ತೆ.

ನಾಳೆಯಿಂದ ಕಸವನ್ನು ಗೇಟಿನ ಹತ್ತಿರ ಇಟ್ಟು ಒಳಗೆ ಓಡಬೇಡಿ. ಕೈಗೇ ಕೊಡಿ.

ಅಡಿಕೆ ತೋಟ · ನವೆಂಬರ್ 10

ಅಯ್ಯೋ, ನಾನು ಇಷ್ಟು ದಿನ ಗೇಟಿನ ಹತ್ತಿರ ಇಟ್ಟು ಓಡುತ್ತಿದ್ದೆ. ಇವತ್ತು ನಿಂತೆ. ಕೆಳಗಿನ ಮನೆಯ ಅಕ್ಕ ‘ಓ, ನೀವಾ ಮೇಲಿನವರು’ ಅಂದರು. ಐದು ವಾರ ಆದ ಮೇಲೆ!

ಇನ್ನೊಂದು ಪ್ರಶ್ನೆ. ಪೊಲೀಸರಿಗೆ ಫೋನ್ ಮಾಡಬೇಕಾದ ಸಂದರ್ಭ ಯಾವುದು? ಅವತ್ತು ಮಾಡಿದ್ದರೆ ಆ ಅಂಕಲ್‌ಗೆ ತೊಂದರೆ ಆಗುತ್ತಿತ್ತಲ್ಲ ಅಂತ ಯೋಚಿಸಿ ಮೈ ಬೆವರಿತು. ಆಮೇಲೆ ನನ್ನನ್ನೂ ಸ್ಟೇಷನ್ನಿಗೆ ಅಲೆಸುತ್ತಾರೇನೋ.

ಖಾಕಿ ಬಿಚ್ಚಿದವನು · ನವೆಂಬರ್ 10

ಹೆಡ್ ಕಾನ್ಸ್‌ಟೆಬಲ್ ಆಗಿ ರಿಟೈರ್ ಆದವನು ನಾನು. ಇದಕ್ಕೆ ಉತ್ತರ ಹೇಳದಿದ್ದರೆ ಪಿಂಚಣಿ ತಿಂದದ್ದು ಅರಗಲ್ಲ.

112ಕ್ಕೆ ಮಾಡಲು ಕಳ್ಳ ಒಳಗೆ ಬರುವವರೆಗೆ ಕಾಯಬೇಕಿಲ್ಲ. ‘ಯಾರು’ ಅಂದಮೇಲೂ ಹೆಸರು ಹೇಳದೆ ಬಡಿಯುತ್ತಿದ್ದಾರೆ, ಒಬ್ಬಳೇ ಇದ್ದೇನೆ, ಇಷ್ಟು ಸಾಕು. ಪೊಲೀಸರ ಹೊಯ್ಸಳ ಗಾಡಿ ಬರುತ್ತೆ. ಬಂದು ನೋಡಿ, ಮೇಲಿನ ಮನೆಯವರು ಅಂತ ಗೊತ್ತಾದರೆ ‘ನೋಡ್ಕೊಂಡು ಹೋಗಿ ಸಾರ್’ ಅಂತ ಹೇಳಿ ಹೋಗುತ್ತೆ. ಇಂಥವು ನಾನೇ ನೂರಾರು ನೋಡಿದ್ದೇನೆ. ಯಾರನ್ನೂ ಎಳ್ಕೊಂಡು ಹೋಗಲ್ಲ. ವಿಳಾಸ ಹೇಳುವಾಗ ಮಾತ್ರ ಕ್ರಾಸ್ ನಂಬರ್, ಮೇನ್ ನಂಬರ್, ಹತ್ತಿರದ ಗುರುತು ಮೂರನ್ನೂ ಹೇಳಿ. ಗಾಬರಿಯಲ್ಲಿ ಜನ ಮನೆ ನಂಬರ್ ಹೇಳುತ್ತಾರೆ, ರಸ್ತೆ ಮರೆಯುತ್ತಾರೆ. ಒಂದು ಚೀಟಿಯಲ್ಲಿ ಬರೆದು ಬಾಗಿಲ ಒಳಗಡೆ ಅಂಟಿಸಿಡಿ.

ಅಲೆಸುವ ಮಾತು. ಸಾಕ್ಷಿ ಅಂತ ಹೇಳಿಕೆ ಪಡೆಯಲು ಹೆಂಗಸರನ್ನು ಸ್ಟೇಷನ್ನಿಗೆ ಕರೆಸುವ ಹಾಗಿಲ್ಲ, ಮನೆಗೇ ಬರಬೇಕು. 60 ದಾಟಿದವರಿಗೂ ಹಾಗೇ. ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಂ ನೋಡಿ. ದೂರು ಕೊಡಲು ಹೋದಾಗ ‘ಇದು ನಮ್ಮ ಸ್ಟೇಷನ್ ವ್ಯಾಪ್ತಿ ಅಲ್ಲ’ ಅಂದರೆ, ‘ಝೀರೋ ಎಫ್‌ಐಆರ್ ಮಾಡಿ ಸಾರ್’ ಅನ್ನಿ, ವ್ಯಾಪ್ತಿ ಯಾರದ್ದಾದರೂ ದೂರು ದಾಖಲಿಸಿಕೊಳ್ಳಿ ಅಂತ ಅರ್ಥ. ಆ ಎರಡು ಪದ ಕೇಳಿದ ಕೂಡಲೇ ಕುರ್ಚಿ ಸಿಗುತ್ತೆ.

2025ರಲ್ಲಿ ‘ಮನೆ ಮನೆಗೆ ಪೊಲೀಸ್’ ಅಂತ ಶುರು ಮಾಡಿದ್ದಾರೆ. ಬೀಟಿನವರು ಮನೆಗೇ ಬಂದು ಪರಿಚಯ ಮಾಡಿಕೊಳ್ಳುತ್ತಾರೆ. ಐಡಿ ಕಾರ್ಡ್ ಕೇಳಿ, ನಿಜವಾದ ಪೊಲೀಸ್ ಆದರೆ ಬೇಜಾರು ಮಾಡಿಕೊಳ್ಳಲ್ಲ. ಬೀಟಿನವರ ನಂಬರ್ ಇಸ್ಕೊಂಡು ಫೋನಲ್ಲಿ ಹಾಕಿಕೊಳ್ಳಿ.

ಖಾಕಿ ಬಿಚ್ಚಿದವನು · ನವೆಂಬರ್ 10

ಒಂದು ಬಿಟ್ಟಿದ್ದೆ. ಕೀ ಮಾತು ಬಂತಲ್ಲ. ನನ್ನ ಸರ್ವಿಸಲ್ಲಿ ಬೀಗ ಒಡೆಯದೆ ಆದ ಕಳ್ಳತನ ಎಷ್ಟೋ. ಕೀ ಎಲ್ಲಿಟ್ಟಿದ್ದಿರಿ ಅಂತ ಕೇಳಿದರೆ ಶೂ ಒಳಗೆ, ತುಳಸಿ ಪಾಟಿನ ಕೆಳಗೆ, ಮೀಟರ್ ಬೋರ್ಡಿನ ಮೇಲೆ. ನಾಲ್ಕನೇ ಜಾಗ ಯಾರೂ ಕಂಡುಹಿಡಿದಿಲ್ಲ. ಕಳ್ಳನಿಗೂ ಇದು ಗೊತ್ತು.

ಊರಿಗೆ ಹೋಗುವಾಗ ಹಾಲು, ಪೇಪರ್ ನಿಲ್ಲಿಸಿ. ನಾಲ್ಕು ದಿನ ರಂಗೋಲಿ ಇಲ್ಲದ ಬಾಗಿಲು ‘ಮನೆಯಲ್ಲಿ ಯಾರೂ ಇಲ್ಲ’ ಅಂತ ಬೋರ್ಡ್ ಹಾಕಿದ ಹಾಗೆ. ಪಕ್ಕದವರಿಗೆ ನಾಲ್ಕು ಎಳೆ ಎಳೆಯಲು ಹೇಳಿ ಹೋಗಿ.

ಧನುರ್ಮಾಸ ಬರುತ್ತಿದೆ. ಐದು ಗಂಟೆ ಕತ್ತಲಲ್ಲಿ ದೊಡ್ಡ ರಂಗೋಲಿ ಹಾಕುತ್ತಾರೆ, ತಲೆ ಬಗ್ಗಿಸಿರುತ್ತಾರೆ, ಸರ ಮುಂದೆ ಜೋತಾಡುತ್ತಿರುತ್ತೆ. ಬೈಕಿನವರು ಅಡ್ರೆಸ್ ಕೇಳುವ ನೆಪದಲ್ಲಿ ನಿಲ್ಲಿಸುವುದು ಆಗಲೇ. ಸೆರಗು ಹೊದ್ದುಕೊಳ್ಳಿ, ಗೇಟಿನ ಕಡೆ ಬೆನ್ನು ಮಾಡಿ ಕೂರಿ. ಅಡ್ರೆಸ್ ಕೇಳಿದರೆ ಕೂತಲ್ಲಿಂದಲೇ ‘ಗೊತ್ತಿಲ್ಲ’ ಅನ್ನಿ. ದಾರಿ ಹೇಳುವ ಪುಣ್ಯ ಬೇರೆ ಹೊತ್ತಲ್ಲಿ ಸಂಪಾದಿಸಬಹುದು.

ಬಿಳಿ ಗೋಡೆ · ನವೆಂಬರ್ 10, ರಾತ್ರಿ

ಎಲ್ಲ ಓದಿದೆ. ಬಾಗಿಲ ಆ ಕಡೆ ನಿಂತವನ ಕಥೆಯನ್ನೂ ಒಂದು ಹೇಳುತ್ತೇನೆ.

ನಾನು ಚನ್ನಪಟ್ಟಣದವನು. ಮನೆಮಾತು ಉರ್ದು, ಓದಿದ್ದು ಕನ್ನಡ ಮೀಡಿಯಂ. 2022ರಲ್ಲಿ ಬನಶಂಕರಿ ಕಡೆ ಮನೆ ಹುಡುಕಿದೆ. ಫೋನಲ್ಲಿ ಮಾತಾಡುವಾಗ ‘ಬನ್ನಿ ಬನ್ನಿ, ನಿಮ್ಮಂಥ ಕನ್ನಡದವರೇ ಬೇಕು’ ಅನ್ನೋರು. ಹೆಸರು ಹೇಳಿದ ಮೇಲೆ ಮನೆ ‘ಈಗಷ್ಟೇ ಹೋಯ್ತು’. ಏಳು ಮನೆ ಹೀಗೆ ಈಗಷ್ಟೇ ಹೋದವು. ಎಂಟನೆಯದು ಸಿಕ್ಕಿತು.

ಮೊದಲ ವಾರ. ಒಳಗೆ ಸಿಗ್ನಲ್ ಇರಲಿಲ್ಲ. ರಾತ್ರಿ ಒಂಬತ್ತಕ್ಕೆ ತಿರುವಿನ ಹತ್ತಿರ ಹೋಗಿ ಅಮ್ಮಿ ಜೊತೆ ಮಾತಾಡುತ್ತಿದ್ದೆ. ಏನು ಅಡುಗೆ, ತಮ್ಮ ಓದುತ್ತಾನಾ, ಇಷ್ಟೇ. ಮೂರನೇ ದಿನ ಪಕ್ಕದ ಮನೆಯವರು ಫೋನ್ ತೋರಿಸಿದರು. ರಸ್ತೆಯ ವಾಟ್ಸಾಪ್ ಗ್ರೂಪು. ಯಾರದ್ದೋ ಕ್ಯಾಮೆರಾದಿಂದ ತೆಗೆದ ಫೋಟೋ, ನನ್ನ ಬೆನ್ನು, ಸುತ್ತ ಕೆಂಪು ಗೆರೆ. ‘ಹುಷಾರು. ಎರಡು ದಿನದಿಂದ ಈ ವ್ಯಕ್ತಿ ನಮ್ಮ ರಸ್ತೆಯಲ್ಲಿ ಸುಳಿದಾಡುತ್ತಿದ್ದಾನೆ.’ ಕೆಳಗೆ ಸಾಲಾಗಿ ಉತ್ತರ. ‘ಮಕ್ಕಳನ್ನು ಆಚೆ ಬಿಡಬೇಡಿ’ ಅಂತ ಒಬ್ಬರು. ನೀಲಿ ಟೀ ಶರ್ಟು ಅದು. ಇವತ್ತಿಗೂ ಮತ್ತೆ ಹಾಕಿಲ್ಲ.

ಯಾಕೆ ಅಷ್ಟು ಹೆದರಿದೆ ಅಂತ ಕೇಳಬಹುದು. 2018ರ ಮೇ ತಿಂಗಳಲ್ಲಿ ಚಾಮರಾಜಪೇಟೆಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ವಾಟ್ಸಾಪ್ ಸುದ್ದಿ ನಂಬಿಕೊಂಡು, ರಾಜಸ್ಥಾನದಿಂದ ಕೆಲಸಕ್ಕೆ ಬಂದಿದ್ದ 26 ವರ್ಷದ ಹುಡುಗನನ್ನು ಜನ ಸೇರಿ ಹೊಡೆದು ಕೊಂದರು. ಕೈಕಾಲು ಕಟ್ಟಿ, ಎಳೆದಾಡಿ. ಹನುಮಂತನಗರದಿಂದ ಅದು ಎಷ್ಟು ದೂರ ಹೇಳಿ? ಅವನೂ ಯಾವುದೋ ರಸ್ತೆಗೆ ಹೊಸಬನೇ.

ಪಕ್ಕದ ಮನೆಯವರು ಗ್ರೂಪಲ್ಲಿ ಒಂದೇ ಸಾಲು ಬರೆದರು. ‘ಇವರು ನಮ್ಮ ಪಕ್ಕದ ಮನೆಗೆ ಹೊಸದಾಗಿ ಬಂದಿರುವವರು.’ ಫೋಟೋ ಮಾಯ ಆಯ್ತು. ಸಾರಿ ಅಂತ ಯಾರೂ ಹೇಳಲಿಲ್ಲ. ಮೂರು ವರ್ಷ ಆಯ್ತು, ಈಗ ಎಲ್ಲರೂ ಮಾತಾಡಿಸುತ್ತಾರೆ. ಆದರೂ ಆ ತಿರುವು ಬಂದಾಗ ಕಾಲು ತಾನಾಗೇ ಬೇಗ ಬೇಗ ಹೆಜ್ಜೆ ಹಾಕುತ್ತೆ.

ನೈಟ್ ಶಿಫ್ಟ್ · ನವೆಂಬರ್ 11

ಬಿಳಿ ಗೋಡೆ ಅವರೇ, ಏನು ಬರೆಯಬೇಕು ಗೊತ್ತಾಗುತ್ತಿಲ್ಲ. ನಾನೂ ಒಂದು ಸಲ ಹಾಗೆ ಫೋಟೋ ಹಾಕಿದ್ದೇನೆ. ಕಾಂಪೌಂಡ್ ಹತ್ತಿರ ಬಗ್ಗಿ ನೋಡುತ್ತಿದ್ದ ಮನುಷ್ಯ. ಆಮೇಲೆ ಗೊತ್ತಾಯ್ತು, ಕರೆಂಟ್ ಮೀಟರ್ ಓದಲು ಬಂದವರು. ಡಿಲೀಟ್ ಮಾಡಿದೆ, ಸುಮ್ನೆ ಇದ್ದುಬಿಟ್ಟೆ. ಅವರಿಗೆ ಗೊತ್ತೂ ಇರಲಿಕ್ಕಿಲ್ಲ.

ಆದರೂ ಒಂದು ಮಾತು. ಹೆಂಡತಿ ಒಬ್ಬಳೇ ಇರುವ ಮನೆ. ಅನುಮಾನ ಬಂದರೆ ಏನು ಮಾಡಲಿ?

ಖಾಕಿ ಬಿಚ್ಚಿದವನು · ನವೆಂಬರ್ 11

ಗ್ರೂಪಿಗೆ ಹಾಕಬೇಡಿ, 112ಕ್ಕೆ ಹೇಳಿ. ಬಂದವರಿಗೆ ವಿಚಾರಿಸುವ ಅಧಿಕಾರ ಇದೆ, ಅವರು ಮಾಡಿದ್ದಕ್ಕೆ ಲೆಕ್ಕವೂ ಇದೆ. ಗ್ರೂಪಿನ ನೂರು ಜನಕ್ಕೆ ಎರಡೂ ಇಲ್ಲ. ಅದಕ್ಕೂ ಮೊದಲು ಮಹಡಿ ಮೇಲಿಂದಲೇ ‘ಯಾರು ಬೇಕಾಗಿತ್ತು?’ ಅಂತ ಕೇಳಿ. ಮೀಟರ್ ಓದುವವರಾದರೆ ಅಲ್ಲೇ ಮುಗಿಯಿತು.

ಈ ಕಾಲದಲ್ಲಿ ಕಳ್ಳ ಬಾಗಿಲಿಗಿಂತ ಫೋನಿಗೆ ಜಾಸ್ತಿ ಬರುತ್ತಾನೆ. ‘ಇವತ್ತು ರಾತ್ರಿ ಕರೆಂಟ್ ಕಟ್ ಆಗುತ್ತೆ, ಈ ನಂಬರಿಗೆ ಫೋನ್ ಮಾಡಿ’ ಅಂತ ಮೆಸೇಜ್ ಬಂದರೆ ಅದು ಮೋಸ. ಬೆಸ್ಕಾಂ ನಂಬರ್ 1912. ಪೊಲೀಸ್ ಅಂತ ವಿಡಿಯೋ ಕಾಲ್ ಮಾಡಿ ಹೆದರಿಸುವ ‘ಡಿಜಿಟಲ್ ಅರೆಸ್ಟ್’ ಅನ್ನುವುದು ಯಾವ ಕಾನೂನಲ್ಲೂ ಇಲ್ಲ. ದುಡ್ಡು ಹೋದರೆ ಕೂಡಲೇ ಸೈಬರ್ ಸಹಾಯವಾಣಿ 1930. ಬೇಗ ಹೇಳಿದಷ್ಟೂ ದುಡ್ಡು ತಡೆಯಲು ಆಗುತ್ತೆ.

ಎದುರು ಮನೆ ಕಿಟಕಿ · ನವೆಂಬರ್ 11

ಪರಿಚಯ ಮಾಡಿಕೊಳ್ಳಿ ಅಂತ ಎಲ್ಲರೂ ಹೇಳುತ್ತಿದ್ದೀರಿ. ಸರಿ. ಪರಿಚಯ ಜಾಸ್ತಿ ಆದರೆ ಏನಾಗುತ್ತೆ ಅಂತ ನಾನು ಹೇಳಲಾ?

ಮಲ್ಲೇಶ್ವರದಲ್ಲಿ ಇದ್ದೆ. ಎದುರು ಮನೆ ಆಂಟಿ ಒಳ್ಳೆಯವರೇ. ಹುಳಿ ಕೊಡೋರು, ಕೊರಿಯರ್ ತಗೊಂಡು ಇಡೋರು. ಜೊತೆಗೆ ನಾನು ಎಷ್ಟು ಗಂಟೆಗೆ ಬಂದೆ, ಬಿಟ್ಟವರು ಯಾರು, ಬಟ್ಟೆ ಏನು ಹಾಕಿದ್ದೆ, ಎಲ್ಲ ಲೆಕ್ಕ. ನನ್ನ ದೊಡ್ಡಮ್ಮನ ಮಗ ಊರಿಂದ ಬಂದು ಒಂದು ರಾತ್ರಿ ಉಳಿದ. ಬೆಳಿಗ್ಗೆ ಓನರ್ ಫೋನ್. ‘ನಮ್ಮದು ಮರ್ಯಾದಸ್ಥರ ಬೀದಿ.’ ಊರಲ್ಲಿರುವ ನನ್ನ ಅಪ್ಪನಿಗೂ ಮಾಡಿದ್ದರು.

ಎರಡು ತಿಂಗಳಲ್ಲಿ ಖಾಲಿ ಮಾಡಿ ಅಪಾರ್ಟ್‌ಮೆಂಟಿಗೆ ಬಂದೆ. ಗೇಟಲ್ಲಿ ಸೆಕ್ಯುರಿಟಿ, ಬರುವವರಿಗೆ ಫೋನಲ್ಲೇ ಒಪ್ಪಿಗೆ. ಪಕ್ಕದ ಮನೆಯವರ ಹೆಸರು ಗೊತ್ತಿಲ್ಲ, ಅವರಿಗೆ ನನ್ನದೂ ಗೊತ್ತಿಲ್ಲ. ನನಗೆ ಇದೇ ಇಷ್ಟ.

ಗವಿಪುರದಮ್ಮ · ನವೆಂಬರ್ 12

ಕಿಟಕಿ ಅವರೇ, ನಿಮ್ಮ ಪೋಸ್ಟ್ ಓದಿ ನಾಚಿಕೆ ಆಯ್ತು. ನಾನೂ ಕಿಟಕಿ ಆಂಟಿಯೇ. ಓನರ್‌ಗೆ ಫೋನ್ ಮಾಡಿದವಳಲ್ಲ, ಆದರೆ ನೋಡಿದ್ದೇನೆ, ನಾಲ್ಕು ಜನರ ಹತ್ತಿರ ಆಡಿದ್ದೇನೆ. ಎದುರು ಮನೆಯಲ್ಲಿ ಗ್ಯಾಸ್ ವಾಸನೆ ಬಂದಾಗ ಮೊದಲು ಓಡಿದ್ದೂ ಇದೇ ಕಿಟಕಿಯಿಂದ ನೋಡಿಯೇ. ಇದನ್ನು ಸಮರ್ಥನೆಗೆ ಹೇಳುತ್ತಿಲ್ಲ, ಇರುವುದನ್ನು ಹೇಳಿದೆ. (ಗ್ಯಾಸ್ ಸೋರಿದರೆ 1906ಕ್ಕೆ ಮಾಡಬೇಕು ಅಂತ ಅವತ್ತು ಕಲಿತೆ. ಸ್ವಿಚ್ ಮುಟ್ಟಬಾರದು, ಲೈಟೂ ಹಾಕಬಾರದು.)

ಅಡಿಕೆ ತೋಟ, ನಿನಗೊಂದು ಉಪಾಯ. ಅವರು ಕೇಳುವುದಕ್ಕೆ ಮುಂಚೆ ನೀನೇ ಒಂದಷ್ಟು ಹೇಳಿಬಿಡು. ‘ಶನಿವಾರ ಅಣ್ಣ ಬರ್ತಾನೆ ಆಂಟಿ, ಗಾಡಿ ಎಲ್ಲಿ ನಿಲ್ಲಿಸೋದು?’ ಹೇಳಿದ ವಿಷಯಕ್ಕೆ ರುಚಿ ಇರಲ್ಲ, ಯಾರೂ ಸಾಗಿಸಲ್ಲ. ಸಂಬಳ, ಮದುವೆ, ಜಾತಿ ಕೇಳಿದರೆ ನಕ್ಕು ‘ಹಾಲು ಉಕ್ಕುತ್ತಿದೆ’ ಅಂತ ಒಳಗೆ ಹೋಗು. ಒಲೆ ಮೇಲೆ ಹಾಲು ಇರಲೇಬೇಕು ಅಂತೇನಿಲ್ಲ.

ಅಡಿಕೆ ತೋಟ · ನವೆಂಬರ್ 14

ನಿನ್ನೆ ಸಂಜೆ ಐದಾರು ಹುಡುಗರು ಬಂದಿದ್ದರು. ಬಾವುಟದ ಬಣ್ಣದ ಶಾಲು, ರಸೀದಿ ಪುಸ್ತಕ. ರಾಜ್ಯೋತ್ಸವ ಮತ್ತು ಅಣ್ಣಮ್ಮ ದೇವಿ ಕೂರಿಸಲು ಕಲೆಕ್ಷನ್. ಚೈನ್ ಹಾಕಿಕೊಂಡೇ ಮಾತಾಡಿದೆ. ಕೊಡಬೇಕಾ?

ಜೋಳದ ರೊಟ್ಟಿ · ನವೆಂಬರ್ 14

ಬಾಗಿಲಲ್ಲಿ ಕೊಡಬೇಡಿ. ‘ಪೆಂಡಾಲಿಗೇ ಬಂದು ಕೊಡುತ್ತೇನೆ’ ಅನ್ನಿ, ಆಮೇಲೆ ನಿಜವಾಗಿಯೂ ಹೋಗಿ. ಪ್ರಸಾದಕ್ಕೆ ಬಿಸಿಬೇಳೆಬಾತ್ ಮಾಡಿಸುತ್ತಾರೆ, ಚೆನ್ನಾಗಿರುತ್ತೆ. ಆ ಹುಡುಗರ ಪೈಕಿ ಒಬ್ಬ ಪ್ಲಂಬರ್, ಒಬ್ಬ ಎಲೆಕ್ಟ್ರಿಷಿಯನ್ ಖಂಡಿತ ಇರುತ್ತಾರೆ. ಕೊಟ್ಟ ನೂರು ರೂಪಾಯಿ ನಲ್ಲಿ ಸೋರಿದ ದಿನ ವಸೂಲಾಗುತ್ತೆ.

ನೈಟ್ ಶಿಫ್ಟ್ · ನವೆಂಬರ್ 14

ಐದು ಜನ ಹುಡುಗರು ಬಂದಾಗ ಚೈನ್ ತೆಗೆಯದಿದ್ದದ್ದು ಸರಿಯಾಯ್ತು. ಅದನ್ನು ಬಿಟ್ಟು ಬಿಸಿಬೇಳೆಬಾತ್ ವಿಷಯದಲ್ಲಿ ತಕರಾರಿಲ್ಲ.

ಅಡಿಕೆ ತೋಟ · ಜನವರಿ 18

ಎರಡು ತಿಂಗಳು ಆಯ್ತು, ಇಲ್ಲಿ ಬರೆಯದೆ. ವರದಿ ಒಪ್ಪಿಸುತ್ತೇನೆ.

ಲೆನ್ಸ್ ಹಾಕಿಸಿದೆ, ಲಾಕ್ ಬದಲಿಸಿದೆ. ವಿಳಾಸದ ಚೀಟಿ ಬಾಗಿಲ ಒಳಗಡೆ ಇದೆ. ತಿರುವಿನ ಬೀದಿ ದೀಪ ಉರಿಯುತ್ತಿರಲಿಲ್ಲ. ಕೆಳಗಿನ ಅಕ್ಕನೂ ನಾನೂ ಕಂಬದ ನಂಬರ್ ಬರೆದುಕೊಂಡು ಪಾಲಿಕೆ ಸಹಾಯವಾಣಿ 1533ಕ್ಕೆ ಹೇಳಿದೆವು, ಹಾಕಿದರು. ಕಡಲೆಕಾಯಿ ಪರಿಷೆಗೆ ಅಕ್ಕನ ಮಕ್ಕಳ ಜೊತೆ ಬಸವನಗುಡಿಗೆ ನಡೆದುಕೊಂಡೇ ಹೋದೆ. ಬರುವಾಗ ಎರಡು ಸೇರು ಹಸಿ ಕಾಯಿ, ಒಂದು ಪೀಪಿ.

ಸಂಕ್ರಾಂತಿಗೆ ನಮ್ಮ ಕಡೆ ಹೀಗೆ ಮನೆಮನೆಗೆ ಎಳ್ಳು ಬೀರುವುದಿಲ್ಲ. ಅಕ್ಕ ಕೊಬ್ಬರಿ ಹೆಚ್ಚುವುದಕ್ಕೆ ಕೂರಿಸಿದರು. ಸಣ್ಣಗೆ, ಎಲ್ಲ ಒಂದೇ ಅಳತೆ. ಮೂರು ದಿನ ಬೆರಳು ಉರಿಯಿತು. ಎಳ್ಳು, ಬೆಲ್ಲ, ಸಕ್ಕರೆ ಅಚ್ಚು, ಕಬ್ಬಿನ ತುಂಡು ಹಿಡಿದು ಹನ್ನೊಂದು ಮನೆಗೆ ಹೋದೆ. ಹತ್ತು ಮನೆಯಲ್ಲಿ ಒಳಗೆ ಕರೆದರು. ಮೂಲೆ ಮನೆಯವರು ಗೇಟಿನಲ್ಲೇ ನಿಲ್ಲಿಸಿ ‘ಯಾವ ಜನ ನೀವು?’ ಅಂದರು. ‘ಶಿರಸಿ ಜನ’ ಅಂದೆ. ಇನ್ನೊಂದು ಸಲ ಕೇಳಿದರು. ಹಾಲು ಉಕ್ಕುತ್ತಿದೆ ಅಂತ ಬಂದುಬಿಟ್ಟೆ. ರಸ್ತೆಯಲ್ಲಿ ನಿಂತು ಹೇಳಿದ್ದು ಅಂತ ಆಮೇಲೆ ಹೊಳೆಯಿತು.

ಎರಡನೇ ಮಹಡಿಯ ಅಂಕಲ್ ಸಂಜೆ ಎಲ್ಲರನ್ನೂ ಗವಿ ಗಂಗಾಧರೇಶ್ವರ ದೇವಸ್ಥಾನಕ್ಕೆ ಕರೆದುಕೊಂಡು ಹೋದರು. ನಂದಿಯ ಕೊಂಬಿನ ನಡುವೆ ಹಾದು ಲಿಂಗದ ಮೇಲೆ ಬಿಸಿಲು ಬೀಳುತ್ತೆ ಅಂತಾರಲ್ಲ, ಅದಕ್ಕೆ. ಆ ಜನದಲ್ಲಿ ನನಗೆ ಕಂಡದ್ದು ಮುಂದಿನವರ ತಲೆ ಮಾತ್ರ.

ಮೊನ್ನೆ ಮತ್ತೆ ಸ್ಕೂಟಿಯಲ್ಲೇ ಕೀ ಬಿಟ್ಟಿದ್ದೆ. ರಾತ್ರಿ ಹತ್ತೂಮುಕ್ಕಾಲು. ಈ ಸಲ ಅಂಕಲ್ ಬಾಗಿಲು ಬಡಿಯಲಿಲ್ಲ, ಫೋನ್ ಮಾಡಿದರು. ‘ನಾನಮ್ಮ, ಮೇಲಿನ ಮನೆ. ಬಾಗಿಲ ಹತ್ರ ಬಂದಿದೀನಿ. ಲೈಟ್ ಆರಿಸಬೇಡ.’

ಬಿಳಿ ಗೋಡೆ · ಜನವರಿ 18

ಹನ್ನೊಂದು ಮನೆ! ನಾನು ಮೂರು ವರ್ಷದಲ್ಲಿ ಆರು ಮನೆ ಒಳಗೆ ಹೋಗಿದ್ದೇನೆ. ರಂಜಾನ್ ಮುಂದಿನ ತಿಂಗಳೇ ಬರುತ್ತಿದೆ, ಹಬ್ಬಕ್ಕೆ ಸುರಕುಂಬಾ (ನಮ್ಮ ಶಾವಿಗೆ ಪಾಯಸ) ಹಿಡಿದು ಏಳನೆಯದಕ್ಕೆ ಪ್ರಯತ್ನ ಮಾಡುತ್ತೇನೆ.

ಗವಿಪುರದಮ್ಮ · ಜನವರಿ 18

ಗವಿಪುರಕ್ಕೆ ಬಂದು ನಮ್ಮನೆಗೆ ಬರದೆ ಹೋದೆಯಾ? ಇರಲಿ. ಆ ಕೀ ಗೊಂಚಲಿಗೆ ಮೊದಲು ಒಂದು ಗೆಜ್ಜೆ ಕಟ್ಟು.

ಜೋಳದ ರೊಟ್ಟಿ · ಜನವರಿ 19

ಸುರಕುಂಬಾ ಮಾಡುವಾಗ ಆರು ಮನೆಗೆ ಅಂತ ಲೆಕ್ಕ ಹಾಕಬೇಡಿ. ನಾನು ಬನಶಂಕರಿಯಿಂದ ಎರಡು ಸ್ಟಾಪ್ ದೂರ ಇದ್ದೇನೆ, ಅಷ್ಟೇ.